ಕಾರವಾರದ ಬಂಗಲೆಯ ಸಾಮಾನು, ಹುಬ್ಬಳ್ಳಿಯ ಹರಾಜು

ಮೂವತ್ತು ವರ್ಷಗಳಿಂದ ಹಳೇ ಹುಬ್ಬಳ್ಳಿಯಲ್ಲಿ ಕಟ್ಟಿಗೆ ಸಾಮಾನಿಗೆ ಅರಗಿನ ಪಾಲಿಶ್ ಹಚ್ಚುವವನು ನಾನು. ಕಾರವಾರದ ಕಡಲ ದಂಡೆಯ ದೊಡ್ಡ ಮನೆಯೊಂದರ ಸಾಮಾನೆಲ್ಲ ಅರಬೈಲು ಘಟ್ಟ ಹತ್ತಿ ನಮ್ಮೂರಿನ ಕಲ್ಯಾಣಮಂಟಪಕ್ಕೆ ಹರಾಜಿಗೆ ಬಂದಿದೆ ಎಂದು ಕೇಳಿ, ಕೊಳ್ಳುವುದಕ್ಕಿಂತ ಮುಟ್ಟಿ ನೋಡುವುದಕ್ಕೇ ಹೋದೆ.

ಮುಟ್ಟಲು ಬಿಟ್ಟರು. ಈ ಹರಾಜಿನವರ ದೊಡ್ಡ ಗುಣ ಇದೇ. ಹಿಂದಿನ ದಿನವಿಡೀ ಬಾಗಿಲು ತೆರೆದಿಟ್ಟು, ಕೇಳಿದ ಕಪಾಟನ್ನೆಲ್ಲ ಗೋಡೆಯಿಂದ ಎಳೆದು ಬೆನ್ನು ತೋರಿಸಿದರು. ಮರದ ಜಾತಿ ತಿಳಿಯುವುದು ಪಾಲಿಶ್ ಕಾಣದ ಆ ಬೆನ್ನಿನಲ್ಲೇ. ಪಟ್ಟಿಯಲ್ಲಿ ‘ಬೀಟೆ’ ಎಂದು ಬರೆದಿದ್ದ ಊಟದ ಮೇಜು ಬಣ್ಣ ಕುಡಿಸಿದ ಸಾಗುವಾನಿಯಾಗಿತ್ತು. ಹೇಳಿದೆ. ಹರಾಜಿನವರ ಹುಡುಗ ತಲೆಯಾಡಿಸಿದ. ಮರುದಿನ ಮೇಜು ಬೀಟೆಯ ಬೆಲೆಗೇ ಹೋಯಿತು.

ರವಿವರ್ಮರ ಸರಸ್ವತಿಯನ್ನೂ ‘ತೈಲಚಿತ್ರ’ ಎಂದೇ ಬರೆದಿದ್ದರು. ಭೂತಗನ್ನಡಿ ಹಿಡಿದರೆ ವೀಣೆಯ ಮೇಲೆಲ್ಲ ಚುಕ್ಕೆ. ಆದರೆ ಈಗಿನ ಅಚ್ಚಿನಂತೆ ಸಾಲು ಹಿಡಿದ ಚುಕ್ಕೆಗಳಲ್ಲ, ಅಡ್ಡಾದಿಡ್ಡಿಯಾದವು. ಅಂದರೆ ಕೈಯಿಂದ ಬಳಿದದ್ದಲ್ಲ, ಕಲ್ಲಚ್ಚಿನ, ಎಂದರೆ ಕಲ್ಲಿನ ಮೇಲೆ ಬಿಡಿಸಿ ಕಾಗದಕ್ಕೆ ಒತ್ತಿದ, ಹಳೆಯ ಪ್ರತಿ. ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ತೆರೆದ ಮುದ್ರಣಾಲಯದಿಂದ ಇಂಥವು ಮನೆಮನೆಗೆ ಬಂದವು. ಇದನ್ನು ಮಾತ್ರ ಕೂಗುವ ಮೊದಲು ತಿದ್ದಿ ಹೇಳಿದರು. ದೇವರಿಗೆ ಹೆದರಿದರೋ ಏನೋ!

ಪಟ್ಟಿಯಲ್ಲಿ ಇಲ್ಲದ ಮಾತೆಂದರೆ ಕಡಲಿನದು. ಉಪ್ಪು ಗಾಳಿಗೆ ತಿರುಪುಮೊಳೆಗಳು ತುಕ್ಕು ಹಿಡಿದು ಸುತ್ತಲಿನ ಮರವನ್ನು ಕಪ್ಪಾಗಿಸಿದ್ದವು, ಹಿತ್ತಾಳೆಯ ಕೀಲುಗಳಲ್ಲಿ ಕಿಲುಬು, ನಿಲುವುಗನ್ನಡಿಯ ಅಂಚಿಗೆಲ್ಲ ಕರಿ ಮಚ್ಚೆ. ಅದಕ್ಕಿಂತ ಮುಖ್ಯ, ಅಲ್ಲಿ ತೇವ ಕುಡಿದು ಉಬ್ಬಿದ ಮರ ನಮ್ಮ ಬೇಸಿಗೆಯ ಒಣ ಗಾಳಿಗೆ ಕುಗ್ಗುತ್ತದೆ. ಅಲ್ಲಿ ಎಳೆದರೂ ಬಾರದ ಖಾನೆ ಇಲ್ಲಿ ಗಡಗಡ ಅಲ್ಲಾಡುತ್ತದೆ, ಬೆಸುಗೆಗಳು ಬಾಯಿ ಬಿಡುತ್ತವೆ. ಕೊಂಡವರು ಅವಸರದಿಂದ ಪಾಲಿಶ್ ಮಾಡಿಸಬೇಡಿ. ನನ್ನ ಹೊಟ್ಟೆಗೇ ಹೊಡೆತ, ಆದರೂ ಹೇಳುತ್ತೇನೆ.

ನಾನು ಬೆತ್ತ ಹೆಣೆದ ಆರಾಮ ಕುರ್ಚಿಯೊಂದನ್ನು 14,000 ರೂಪಾಯಿಗೆ ಕೂಗಿದೆ. ಹಣ ಕಟ್ಟುವಾಗ ಶೇ 12ರ ಕಮಿಷನ್, ಅದರ ಮೇಲೆ ತೆರಿಗೆ ಎಂದರು. ಪಟ್ಟಿಯ ಕೊನೆಯ ಪುಟದಲ್ಲಿ ಇರುವೆಯಂಥ ಅಕ್ಷರದಲ್ಲಿ ಅಚ್ಚಾಗಿತ್ತಂತೆ. ಕೂಗುವ ಮುಂಚೆ ಬಾಯಿಬಿಟ್ಟು ಹೇಳಬೇಕಿತ್ತು. ಟೆಂಪೋ ಖರ್ಚು ಬೇರೆ.

ಕುರ್ಚಿ ಈಗ ಅಂಗಡಿಯ ಮೂಲೆಯಲ್ಲಿ ಒಣಗುತ್ತಿದೆ. ಎಡಗಾಲಿನ ಬೆಸುಗೆ ನಿನ್ನೆ ಸಡಿಲಾಗಿದೆ. ಬಲಗಾಲಿನದೂ ಸಡಿಲಾಗಲಿ, ಎರಡನ್ನೂ ಒಟ್ಟಿಗೇ ಬಿಗಿಯುತ್ತೇನೆ.