ಇತಿಹಾಸದ ಎಂ.ಎ: ಬ್ರಿಟನ್ನೋ, ಜರ್ಮನಿಯೋ?

ಬ್ರಿಟನ್ನಿನಲ್ಲಿ ಎಂ.ಎ ಸಾಮಾನ್ಯವಾಗಿ ಒಂದೇ ವರ್ಷ, 180 ಕ್ರೆಡಿಟ್. ಅದರಲ್ಲಿ ಸುಮಾರು 60 ಕ್ರೆಡಿಟ್ ಸಂಶೋಧನಾ ಪ್ರಬಂಧಕ್ಕೇ ಮೀಸಲು. ಮಾರ್ಚ್ ಒಳಗೆ ಅದರ ವಿಷಯ ಗಟ್ಟಿಯಾಗದಿದ್ದರೆ ಬೇಸಿಗೆಯಲ್ಲಿ ಬರೆಯುವಾಗ ಪರದಾಟ ತಪ್ಪದು. ವಿದೇಶಿಯರಿಗೆ ಶುಲ್ಕ ದುಬಾರಿ. ವೀಸಾಕ್ಕೆ ತೋರಿಸುವ ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು; ನಡುವೆ ಒಂದು ದಿನ ಮೊತ್ತ ಇಳಿದರೂ ಅರ್ಜಿ ತಿರಸ್ಕಾರವಾಗಬಹುದು.

ಜರ್ಮನಿಯಲ್ಲಿ ಎರಡು ವರ್ಷ. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ಸೆಮಿಸ್ಟರ್ ವಂತಿಗೆ ಮಾತ್ರ. ಆದರೆ ಹೈಡಲ್‌ಬರ್ಗ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಲ್ಲಿ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ವಿಧಿಸಿತು. ಭಾರತೀಯರಿಗೆ ಎಪಿಎಸ್ ಪ್ರಮಾಣಪತ್ರವೂ (ಅಂಕಪಟ್ಟಿ, ಪದವಿ ಪತ್ರಗಳು ಅಸಲಿ ಎಂಬ ದೃಢೀಕರಣ) ಬೇಕು. ಅದನ್ನು ಎಲ್ಲಕ್ಕಿಂತ ಮೊದಲು ಮಾಡಿಸಿಕೊಳ್ಳಿ. ವರ್ಷದ ಖರ್ಚನ್ನು, 2024ರ ದರದಲ್ಲಿ 11,904 ಯೂರೋ, ವೀಸಾಕ್ಕಾಗಿ ಮುಂಗಡವಾಗಿ ನಿರ್ಬಂಧಿತ ಖಾತೆಗೆ (ತಿಂಗಳಿಗೆ ಇಷ್ಟೇ ಎಂದು ಹಣ ತೆಗೆಯಬಹುದಾದ ಖಾತೆ) ಕಟ್ಟಬೇಕು.

ನಿಜವಾದ ತೊಡಕು ಭಾಷೆ. ಇತಿಹಾಸದ ಪಾಠ ಬಹುತೇಕ ಜರ್ಮನ್‌ನಲ್ಲೇ. ಸಿ1 ಮಟ್ಟ ಕೇಳುತ್ತಾರೆ, ಅಂದರೆ ಎ1ರಿಂದ ಸಿ2ವರೆಗಿನ ಆರು ಹಂತಗಳಲ್ಲಿ ಐದನೆಯದು. ಮೂರನೆಯ ಹಂತವಾದ ಬಿ1 ಮುಗಿಸಿ ಹೊರಟವರು ಸೆಮಿನಾರ್ ಬರಹದಲ್ಲೇ ಸೋಲುತ್ತಾರೆ.

ಆಕರ ಎಲ್ಲಿದೆಯೋ ಅತ್ತ ಹೋಗುವುದೇ ಸರಿ. ಈಸ್ಟ್ ಇಂಡಿಯಾ ಕಂಪನಿಯ ದಾಖಲೆಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಆದರೆ ಮಂಗಳೂರಿನ ಬಾಸೆಲ್ ಮಿಷನ್ ಬಗ್ಗೆ ಕೆಲಸ ಮಾಡುವವರಿಗೆ ಜರ್ಮನ್ ಭಾಷೆ ಅನಿವಾರ್ಯ, ಅದರ ಹಳೆಯ ಕೈಬರಹದ ಲಿಪಿಯೂ ಸೇರಿ.