ಶ್ವಾಸಕೋಶದ ಅಧಿಕ ರಕ್ತದೊತ್ತಡಕ್ಕೆ ವ್ಯಾಯಾಮ: ಆಸ್ಪತ್ರೆ, ಗುಡ್ಡೆಯ ದಾರಿ, ಮನೆಯ ಸೈಕಲ್

ಪಲ್ಮನರಿ ಹೈಪರ್‌ಟೆನ್ಶನ್ (ಶ್ವಾಸಕೋಶದ ರಕ್ತನಾಳಗಳಲ್ಲಿ ಅಧಿಕ ಒತ್ತಡ) ಇರುವವರು ಮೈ ದಣಿಸಿಕೊಳ್ಳಬಾರದು ಎಂಬುದು ಬಹುಕಾಲ ವೈದ್ಯರೇ ಹೇಳುತ್ತಿದ್ದ ಮಾತು. ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳಗಳು ಕಿರಿದಾಗಿರುವುದರಿಂದ, ದಣಿವಾದಾಗ ಹೃದಯದ ಬಲಭಾಗಕ್ಕೆ ಬೇಕಾದಷ್ಟು ರಕ್ತವನ್ನು ಮುಂದೆ ನೂಕಲು ಆಗುವುದಿಲ್ಲ. ಏದುಸಿರು, ತಲೆಸುತ್ತು, ಕೆಲವೊಮ್ಮೆ ಪ್ರಜ್ಞೆ ತಪ್ಪುವುದು ಇದರ ಫಲ. ಜರ್ಮನಿಯ ಹೈಡೆಲ್‌ಬರ್ಗಿನ ವೈದ್ಯರು 30 ಮಂದಿ ರೋಗಿಗಳ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಅಲುಗಿಸಿತು. 15 ವಾರಗಳ ಬಳಿಕ, ಆರು ನಿಮಿಷಗಳಲ್ಲಿ ಎಷ್ಟು ದೂರ ನಡೆಯಬಲ್ಲರೆಂದು ಅಳೆಯುವ ಪರೀಕ್ಷೆಯಲ್ಲಿ ವ್ಯಾಯಾಮದ ತರಬೇತಿ ಪಡೆದವರಿಗೂ ಪಡೆಯದವರಿಗೂ ಸರಾಸರಿ 111 ಮೀಟರುಗಳ ಅಂತರವಿತ್ತು, ಮುಂದಿದ್ದವರು ತರಬೇತಿ ಪಡೆದವರು. ಔಷಧಿ ತೆಗೆದುಕೊಳ್ಳುತ್ತಾ ಸ್ಥಿರವಾಗಿರುವವರಿಗೆ ಮೇಲ್ವಿಚಾರಣೆಯ ವ್ಯಾಯಾಮ ಬೇಕೆಂದು ಯುರೋಪಿನ 2022ರ ಮಾರ್ಗಸೂಚಿಯೂ ಶಿಫಾರಸು ಮಾಡುತ್ತದೆ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವನು, ಈ ಕಾಯಿಲೆ ನನಗೂ ಇದೆ. ಔಷಧಿಗಳಿಂದ ಅದು ಹಿಡಿತಕ್ಕೆ ಬಂದ ಮೇಲೆ, ವೈದ್ಯರ ಒಪ್ಪಿಗೆ ಪಡೆದು ಮಂಗಳೂರಿನ ಆಸ್ಪತ್ರೆಯೊಂದರ ತರಬೇತಿ, ಊರಿನ ನಡಿಗೆ ಮತ್ತು ಮನೆಯಲ್ಲಿ ನಿಂತಲ್ಲೇ ತುಳಿಯುವ ಸೈಕಲ್ ಇವು ಮೂರನ್ನೂ ಅನುಸರಿಸಿ ನೋಡಿದ್ದೇನೆ.

ಆಸ್ಪತ್ರೆಯ ತರಬೇತಿಯಲ್ಲಿ ಸಿಗುವುದು ಬರಿಯ ವ್ಯಾಯಾಮವಲ್ಲ, ನಮ್ಮ ದೇಹದ ಮಿತಿಯ ಅರಿವು. ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಸಿಕ್ಕಿಸಿ, ಅರ್ಧ ನಿಮಿಷ ಹಗುರವಾಗಿಯೂ ಒಂದು ನಿಮಿಷ ಸ್ವಲ್ಪ ಭಾರವಾಗಿಯೂ ತುಳಿಸುತ್ತಾ, ಫಿಸಿಯೋಥೆರಪಿಸ್ಟ್ ಪಕ್ಕದಲ್ಲೇ ನಿಂತು ನಾಡಿಬಡಿತವನ್ನು ಗಮನಿಸುತ್ತಿದ್ದರು. ಬಡಿತ ನಿಮಿಷಕ್ಕೆ 120 ದಾಟಬಾರದು, ರಕ್ತದ ಆಮ್ಲಜನಕ ಶೇಕಡಾ 90ಕ್ಕಿಂತ ಕೆಳಗಿಳಿಯಬಾರದು ಎಂದು ನನಗೆ ಮಿತಿ ಹಾಕಿಕೊಟ್ಟಿದ್ದರು. ಈ ಅಂಕೆಗಳು ಒಬ್ಬೊಬ್ಬರಿಗೆ ಒಂದೊಂದು ರೀತಿ ಇರುತ್ತವೆ, ಆದ್ದರಿಂದ ನನ್ನದನ್ನು ಯಾರೂ ಎರವಲು ಪಡೆಯಬಾರದು. ತೊಂದರೆಯೆಲ್ಲ ದಾರಿಯದ್ದು. ಕುಂಬಳೆಗೆ ಇಳಿದು, ತಲಪಾಡಿ ದಾಟಿ ಬಸ್ಸಿನಲ್ಲಿ ಹೋಗಿ ಬರುವಷ್ಟರಲ್ಲಿ ತರಬೇತಿಯಿಂದ ಬಂದ ಚೈತನ್ಯದ ಬಹುಪಾಲು ಪ್ರಯಾಣಕ್ಕೇ ಖರ್ಚಾಗುತ್ತಿತ್ತು.

ನಡಿಗೆಗೆ ಖರ್ಚಿಲ್ಲ ಎಂಬುದು ನಿಜ, ಆದರೆ ನಮ್ಮ ಕಡೆಯ ನೆಲ ಅದಕ್ಕೆ ಅನುಕೂಲವಾಗಿಲ್ಲ. ಮನೆ ಗುಡ್ಡೆಯ ಬದಿಯಲ್ಲಿ, ಅಡಿಕೆ ತೋಟ ಕೆಳಗಿನ ತಗ್ಗಿನಲ್ಲಿ. ಇಳಿಯುವಾಗ ಏನೂ ಅನ್ನಿಸದ ದಾರಿ ಹತ್ತುವಾಗ ಒಮ್ಮೆಲೇ ಭಾರವಾಗುತ್ತದೆ, ಮತ್ತು ನಡುದಾರಿಯಲ್ಲಿ ದಮ್ಮು ಕಟ್ಟಿದರೆ ಆ ಏರನ್ನು ತಗ್ಗಿಸಿಕೊಳ್ಳುವ ಉಪಾಯವಿಲ್ಲ. ಶಾಲೆಯ ಮೈದಾನದಂತಹ ಸಮತಟ್ಟಾದ ಜಾಗದಲ್ಲಿ, ಬಿಸಿಲೇರುವ ಮೊದಲು, ಪೂರ್ತಿ ವಾಕ್ಯವೊಂದನ್ನು ತಡವರಿಸದೆ ಆಡಬಲ್ಲಷ್ಟು ವೇಗದಲ್ಲಿ ನಡೆದರೆ ಮಾತ್ರ ನನಗೆ ಪ್ರಯೋಜನ ಕಂಡಿತು. ಜೂನ್ ಹಿಡಿದರೆ ಅದೂ ನಿಲ್ಲುತ್ತದೆ. ಮುರಕಲ್ಲಿನ ಮೇಲೆ ಪಾಚಿ ಕಟ್ಟುತ್ತದೆ, ಹಾಗೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುವವರಿಗೆ ಜಾರಿ ಬೀಳುವುದು ಬೇರೆಯವರಿಗಿಂತ ಹೆಚ್ಚು ಅಪಾಯಕರ.

ಇವೆರಡಕ್ಕಿಂತ ನನಗೆ ಹೆಚ್ಚು ಒಗ್ಗಿದ್ದು ಸೈಕಲ್. ಅದರ ತಿರುಪನ್ನು ಸ್ವಲ್ಪ ತಿರುಗಿಸಿದರೆ ಭಾರ ಏರುತ್ತದೆ ಅಥವಾ ಇಳಿಯುತ್ತದೆ. ಬೆರಳಿನ ಆಕ್ಸಿಮೀಟರಿನಲ್ಲಿ ಆಮ್ಲಜನಕದ ಅಂಕೆ ಜಾರತೊಡಗಿದ ಕ್ಷಣದಲ್ಲೇ ಹಗುರಗೊಳಿಸಿಕೊಳ್ಳಬಹುದು. ಮಳೆಯಾಗಲಿ ಏರುದಾರಿಯಾಗಲಿ ಅಡ್ಡ ಬರುವುದಿಲ್ಲ. ಈ ಕಾಯಿಲೆಯಲ್ಲಿ ದೂರ ಕ್ರಮಿಸುವುದಕ್ಕಿಂತ ಭಾರವನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳುವುದು ಮುಖ್ಯವೆಂದು ನಾನು ದೃಢವಾಗಿ ನಂಬಿದ್ದೇನೆ. ಕೆಲವು ವಾರಗಳ ಬಳಿಕ ಜಗಲಿಯ ಮೆಟ್ಟಿಲು ಹತ್ತಿ ನಿಲ್ಲದೆ ಒಳಗೆ ಹೋಗುವುದು ಸಾಧ್ಯವಾಯಿತು. ಒಂದೇ ಕಡೆ ಕುಳಿತು ತುಳಿಯುವ ಬೇಸರ ಇದ್ದೇ ಇದೆ. ಯಂತ್ರವನ್ನು ಕೊಳ್ಳುವ ಖರ್ಚೂ ಕಡಿಮೆಯಲ್ಲ. ಆದರೂ ಆಸ್ಪತ್ರೆಯಲ್ಲಿ ಮಿತಿಯನ್ನು ಕಲಿಯದೆ ನೇರವಾಗಿ ಅಂಗಡಿಯಿಂದ ಸೈಕಲ್ ತಂದು ಆರಂಭಿಸುವುದನ್ನು ನಾನು ಯಾರಿಗೂ ಹೇಳಲಾರೆ, ಅದರಲ್ಲೂ ಈ ಮೊದಲು ಪ್ರಜ್ಞೆ ತಪ್ಪಿದವರಿಗೆ ಖಂಡಿತ ಹೇಳಲಾರೆ. ತುಳಿದು ಮುಗಿದ ಕೂಡಲೇ ಎದ್ದು ನಿಲ್ಲಬಾರದು. ಕೆಲವು ನಿಮಿಷ ಭಾರವಿಲ್ಲದೆ ತುಳಿಯುತ್ತಾ ತಣಿಯಬೇಕು, ಏಕೆಂದರೆ ನಮ್ಮ ಮಾತ್ರೆಗಳಲ್ಲಿ ಕೆಲವು ಇಡೀ ಮೈಯ ರಕ್ತದೊತ್ತಡವನ್ನು ಇಳಿಸುವಂಥವು, ಥಟ್ಟನೆ ಎದ್ದರೆ ತಲೆಸುತ್ತು ಬರಬಹುದು.

ತೋಳುಗಳಿಗೆ ಅರ್ಧ ಲೀಟರಿನ ನೀರಿನ ಬಾಟಲಿಗಳು ಸಾಕು. ಎತ್ತುವಾಗ ಉಸಿರು ಬಿಡಬೇಕು. ಬಾವಿಯಿಂದ ಕೊಡ ಸೇದುವುದು, ಅಡಿಕೆ ಗೋಣಿ ಹೊರುವುದು ವ್ಯಾಯಾಮವೇ ಅಲ್ಲವೇ ಎಂದು ಮನೆಯವರು ಕೇಳುವುದುಂಟು. ಅಲ್ಲ. ಉಸಿರು ಬಿಗಿಹಿಡಿದು ಮುಕ್ಕಿರಿದಾಗ ಎದೆಯೊಳಗಿನ ಒತ್ತಡ ಏರಿ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ, ಕಣ್ಣು ಕತ್ತಲೆ ಬರುವುದು ಆಗಲೇ.

ಎದೆನೋವು ಅಥವಾ ತಲೆಸುತ್ತು ಬಂದರೆ ಆ ದಿನದ ವ್ಯಾಯಾಮವನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತಿಳಿಸುತ್ತೇನೆ. ಪಾದ ಬಾತುಕೊಂಡು ತೂಕ ಒಮ್ಮೆಲೇ ಏರಿದರೆ ಸೈಕಲನ್ನು ಮುಟ್ಟುವುದಿಲ್ಲ. ಅದು ದೇಹದಲ್ಲಿ ನೀರು ನಿಂತಿರುವ ಸೂಚನೆಯಾಗಿರಬಹುದಾದ್ದರಿಂದ, ಮೂತ್ರ ಹೆಚ್ಚಿಸುವ ಮಾತ್ರೆಯ ಪ್ರಮಾಣ ಬದಲಿಸಬೇಕೇ ಎಂದು ಕೇಳಲು ಮೊದಲು ಆಸ್ಪತ್ರೆಗೆ ಫೋನ್ ಮಾಡುತ್ತೇನೆ.