ಕೋಟೆ, ಗದ್ದಿಗೆ, ನಾಲ್ಕುನಾಡು ಅರಮನೆ: ಪುಟ್ಟ ರಾಜ್ಯದ ರಾಜತಂತ್ರ ತೋರಿಸುವ ಒಂದು ದಿನದ ಪ್ರವಾಸ ಹೇಗಿದೆ?

ಮಡಿಕೇರಿಯಿಂದ ಹೊರಡುವ ಕಾರು ಮತ್ತು ಗೈಡ್ ಸೇರಿದ ಪ್ಯಾಕೇಜ್ ಇದು. ಮಡಿಕೇರಿ ಕೋಟೆ, ಗದ್ದಿಗೆ (ಅರಸರ ಸಮಾಧಿಗಳು), ವಿರಾಜಪೇಟೆ, ಕಕ್ಕಬ್ಬೆಯ ನಾಲ್ಕುನಾಡು ಅರಮನೆ, ಇಷ್ಟೇ. ರಾಜಾಸೀಟ್, ಅಬ್ಬಿ ಜಲಪಾತ ಇಲ್ಲ. ಬಿಟ್ಟದ್ದೇ ಒಳ್ಳೆಯದಾಯಿತು. ಹಾಲೇರಿ ಅರಸರ ಕೊಡಗು ಮೈಸೂರು ಮತ್ತು ಈಸ್ಟ್ ಇಂಡಿಯಾ ಕಂಪನಿಯ ನಡುವೆ ಹೇಗೆ ಬಾಳಿತು ಎಂಬುದನ್ನು ಆಯಾ ಜಾಗದಲ್ಲೇ ನಿಂತು ಹೇಳುವ ಪ್ರಯತ್ನ ಇದು. ಮಧ್ಯಾಹ್ನದವರೆಗೆ ಬಹಳ ಚೆನ್ನಾಗಿದೆ, ಆಮೇಲೆ ಮುಗ್ಗರಿಸುತ್ತದೆ.

ಕೋಟೆಯಲ್ಲಿ ಒಂದು ಗಂಟೆ ಸಾಕು. ಮುದ್ದುರಾಜನ ಮಣ್ಣಿನ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿದ್ದು, 1790ರಲ್ಲಿ ದೊಡ್ಡವೀರರಾಜೇಂದ್ರ ಅದನ್ನು ಮರಳಿ ಪಡೆದದ್ದು, ಈಗಿನ ಅರಮನೆ ಲಿಂಗರಾಜೇಂದ್ರ 1812–14ರಲ್ಲಿ ಕಟ್ಟಿಸಿದ್ದು ಎಂಬ ಮೂರು ಪದರವನ್ನು ಗೈಡ್ ಬೇರೆ ಬೇರೆಯಾಗಿ ತೋರಿಸುತ್ತಾರೆ. ಆನೆ ಪ್ರತಿಮೆಗಳ ಮುಂದೆ ಫೋಟೋಗೆ ಹೆಚ್ಚು ಹೊತ್ತು ಕಳೆಯದೆ ಹಳೆಯ ಚರ್ಚಿನಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಸಮಯ ಉಳಿಸಿಕೊಳ್ಳಿ. ಅದರ ರಜಾದಿನ ಯಾವುದೆಂದು ಬುಕ್ ಮಾಡುವಾಗಲೇ ಕೇಳಿ.

ದಿನದ ಅತ್ಯುತ್ತಮ ಭಾಗ 1790ರ ಒಪ್ಪಂದದ ವಿವರಣೆ. ಪಿರಿಯಾಪಟ್ಟಣದಲ್ಲಿ ಟಿಪ್ಪುವಿನ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡ ದೊಡ್ಡವೀರರಾಜೇಂದ್ರ ಎರಡೇ ವರ್ಷದಲ್ಲಿ ತಲಚೇರಿಯ ಕಂಪನಿ ಅಧಿಕಾರಿಗಳೊಂದಿಗೆ ಸಮಾನನಂತೆ ಕೂತು ಮಾತಾಡಿದ. ಅವನ ಬಳಿ ದೊಡ್ಡ ಸೈನ್ಯವಿರಲಿಲ್ಲ, ಖಜಾನೆಯೂ ಇರಲಿಲ್ಲ. ಇದ್ದದ್ದು ದಾರಿ. ಮಲಬಾರ್ ಕರಾವಳಿಯಲ್ಲಿದ್ದ ಕಂಪನಿಯ ಬಾಂಬೆ ಸೈನ್ಯ ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣದತ್ತ ಹೋಗಬೇಕಾದರೆ ಹೆಗ್ಗಳ ಘಟ್ಟ ಹತ್ತಿ ಕೊಡಗನ್ನು ದಾಟಬೇಕಿತ್ತು. ಜೊತೆಗೆ ಅಕ್ಕಿ, ದನ, ಹೊರುವ ಆಳು ಬೇಕಿತ್ತು. ದಾರಿ ಮತ್ತು ದವಸ ಕೊಟ್ಟು, ಒಳಾಡಳಿತದಲ್ಲಿ ಕೈಹಾಕುವುದಿಲ್ಲ ಎಂಬ ಮಾತನ್ನು ಅವನು ಬರೆಸಿಕೊಂಡ. ಕಂಪನಿಯೊಂದಿಗಿನ ಯುದ್ಧ ಮುಗಿಸಿದ 1792ರ ಸಂಧಿಯಲ್ಲಿ ಕೊಡಗು ತನ್ನ ಕೈತಪ್ಪಬಾರದೆಂದು ಟಿಪ್ಪು ಅಷ್ಟು ಪಟ್ಟು ಹಿಡಿದದ್ದೂ ಇದೇ ದಾರಿ ತನ್ನ ರಾಜಧಾನಿಯ ಬಾಗಿಲಿಗೆ ಬರುತ್ತದೆ ಎಂಬ ಕಾರಣಕ್ಕೆ. ಗೈಡ್ ನಕ್ಷೆ ಹಾಸಿ ಬೆರಳಿಟ್ಟು ಇದನ್ನು ಹೇಳುವಾಗ ಶಾಲೆಯ ಮಕ್ಕಳಿಗೂ ತಟ್ಟನೆ ಅರ್ಥವಾಗುತ್ತದೆ.

ವಿರಾಜಪೇಟೆಯಲ್ಲಿ ಗಡಿಯಾರ ಕಂಬ ನೋಡಿ ಸಂತ ಅನ್ನಮ್ಮ ಚರ್ಚಿಗೆ ಹೋಗುತ್ತಾರೆ. ಟಿಪ್ಪುವಿನ ಸೀಮೆಯಿಂದ ಬಂದ ಕ್ಯಾಥೊಲಿಕರಿಗೆ ರಾಜ 1792ರಲ್ಲಿ ನೆಲೆ ಕೊಟ್ಟದ್ದೂ ನೆರೆಯವರೊಂದಿಗಿನ ವ್ಯವಹಾರದ ಭಾಗವೇ. ಇಲ್ಲಿ ಇನ್ನೂ ಹತ್ತು ನಿಮಿಷ ಕೊಡಬಹುದಿತ್ತು.

ಗದ್ದಿಗೆಯಿಂದ ಮುಂದಿನ ಕಥನ ಮಾತ್ರ ಪೂರ್ತಿ ವೀರಗಾಥೆ. 1792ರಿಂದ ನೇರ, ಕಂಪನಿ ಕೊಡಗನ್ನು ವಶಪಡಿಸಿಕೊಂಡ 1834ಕ್ಕೆ ಹಾರಿ, ಇಂಗ್ಲಿಷರು ಮೋಸ ಮಾಡಿದರು ಎಂದು ಹೇಳಿ ಮುಗಿಸುತ್ತಾರೆ. ನಡುವಿನ 1799 ಎಲ್ಲಿ? ಟಿಪ್ಪು ಸತ್ತ ದಿನವೇ ಕೊಡಗಿನ ದಾರಿಯ ಬೆಲೆ ಬಿದ್ದುಹೋಯಿತು. ಅದನ್ನು ಕೊಳ್ಳಲು ಎರಡನೆಯವನೇ ಉಳಿಯಲಿಲ್ಲ. ಕಂಪನಿಗೆ ಕೊಡಬೇಕಿದ್ದ ವರ್ಷಕ್ಕೆ 24,000 ರೂಪಾಯಿಯ ಕಾಣಿಕೆ ಹೋಗಿ ಒಂದು ಆನೆ ಕೊಟ್ಟರೆ ಸಾಕು ಎಂದಾಯಿತು, ಅಮರ ಸುಳ್ಯ ಸೀಮೆಯೂ ಕೊಡಗಿಗೆ ಸಿಕ್ಕಿತು. ಎಲ್ಲವೂ ಕಂಪನಿಯ ಔದಾರ್ಯದಂತೆ ಕಂಡಿತು. ಆದರೆ ಕಂಪನಿ ಮುನಿದರೆ ಹೋಗಲು ಬೇರೆ ಬಾಗಿಲಿರಲಿಲ್ಲ. 1832ರಲ್ಲಿ ಆಗಿನ ಅರಸ ಚಿಕ್ಕವೀರರಾಜೇಂದ್ರನ ತಂಗಿ ದೇವಮ್ಮಾಜಿ, ಅವಳ ಗಂಡ ಚೆನ್ನಬಸವ ಓಡಿಹೋಗಿ ಮೈಸೂರಿನ ರೆಸಿಡೆಂಟನ (ಕಂಪನಿಯ ಪ್ರತಿನಿಧಿಯ) ಆಶ್ರಯ ಪಡೆದರು. ಅವರನ್ನು ಒಪ್ಪಿಸಿ ಎಂದು ಹಟ ಹಿಡಿದ ಚಿಕ್ಕವೀರರಾಜೇಂದ್ರ ಕಂಪನಿಯ ದೂತನನ್ನೇ ತಡೆದಿಟ್ಟ. ಒಳಾಡಳಿತದ ಮಾತು ಮುರಿಯಲು ಎದುರಿನವರಿಗೆ ಬೇಕಾದ ನೆಪವನ್ನು ಅವನೇ ಕೊಟ್ಟ. ಇದನ್ನು ಹೇಳದೆ ಬಿಟ್ಟರೆ ಕೇಳುವವರಿಗೆ ಕಣ್ಣೀರು ಬರಬಹುದು, ತಿಳಿವಳಿಕೆ ಬರುವುದಿಲ್ಲ.

ಇಂದಿನ ಸಣ್ಣ ದೇಶಗಳೊಂದಿಗೆ ಗೈಡ್ ಮಾಡುವ ಹೋಲಿಕೆಗಳೂ ತೆಳುವಾಗಿವೆ. ಸಿಂಗಾಪುರದ ಹೆಸರು ಹೇಳಿ ಸುಮ್ಮನಾಗುತ್ತಾರೆ. 1992ರಲ್ಲಿ ಅದು ವಿಶ್ವಸಂಸ್ಥೆಯಲ್ಲಿ ಸಣ್ಣ ದೇಶಗಳ ವೇದಿಕೆಯನ್ನೇ ಕಟ್ಟಿದ್ದನ್ನು ಹೇಳುವುದಿಲ್ಲ. ಭೂತಾನ್ ಇನ್ನೂ ಒಳ್ಳೆಯ ಉದಾಹರಣೆ. ವಿದೇಶ ವ್ಯವಹಾರದಲ್ಲಿ ಭಾರತದ ಸಲಹೆಯಂತೆ ನಡೆಯಬೇಕೆಂಬ 1949ರ ಒಪ್ಪಂದದ ಮಾತನ್ನು ಅದು 2007ರಲ್ಲಿ ಜಗಳವಿಲ್ಲದೆ ಬದಲಾಯಿಸಿಕೊಂಡಿತು. ಕಾಲ ಬದಲಾದಾಗ ಕರಾರನ್ನೂ ತಿದ್ದಿಸಿಕೊಳ್ಳುವ ಈ ಕೆಲಸವೇ 1799ರ ನಂತರ ಕೊಡಗಿಗೆ ಸಾಧ್ಯವಾಗಲಿಲ್ಲ.

ಪ್ರಯಾಣದ ಬಗ್ಗೆ: ಮಡಿಕೇರಿಯಿಂದ ವಿರಾಜಪೇಟೆಗೆ ಸುಮಾರು 30 ಕಿ.ಮೀ., ಅಲ್ಲಿಂದ ಕಕ್ಕಬ್ಬೆ, ವಾಪಸು ನಾಪೋಕ್ಲು, ಮೂರ್ನಾಡು ಮಾರ್ಗ. ತಿರುವುಗಳು ಹೆಚ್ಚು, ಮಕ್ಕಳಿಗೆ ವಾಂತಿಯಾಗುವ ಸಾಧ್ಯತೆ ಇದೆ, ಊಟ ಹಗುರವಾಗಿರಲಿ. ಮಳೆಗಾಲದಲ್ಲಿ ಅರಮನೆಯ ಸುತ್ತ ಜಿಗಣೆ ಕಾಟ, ಉಪ್ಪು ಅಥವಾ ಸುಣ್ಣ ಜೊತೆಗಿರಲಿ. ತಡವಾಗಿ ತಲುಪಿದರೆ ಒಳಗಿನ ಚಿತ್ತಾರ, ಮರದ ಕೆತ್ತನೆ ಬೆಳಕಿಲ್ಲದೆ ಕಾಣುವುದಿಲ್ಲ. ಆದ್ದರಿಂದ ಎರಡು ಗಂಟೆಯೊಳಗೆ ಕಕ್ಕಬ್ಬೆಯಲ್ಲಿರುವಂತೆ ಒತ್ತಾಯಿಸಿ.

ಅರ್ಧ ದಿನ ಹೆಚ್ಚಿದ್ದರೆ ಸಂಪಾಜೆ ಘಟ್ಟ ಇಳಿದು ಸುಳ್ಯದ ಕಡೆಗೂ ಕರೆದೊಯ್ಯಲು ಕೇಳಿ. 1834ರಲ್ಲಿ ಆ ಸೀಮೆಯನ್ನು ಕೊಡಗಿನಿಂದ ಕಿತ್ತು ಆಗಿನ ಕೆನರಾ ಜಿಲ್ಲೆಗೆ (ಈಗಿನ ದಕ್ಷಿಣ ಕನ್ನಡದ ಕಡೆ) ಸೇರಿಸಿದರು. ಧಾನ್ಯದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿದ್ದು ರೈತರನ್ನು ಕೆರಳಿಸಿತು. 1837ರ ದಂಗೆ ಅಲ್ಲಿಂದಲೇ ಎದ್ದು ಮಂಗಳೂರಿನವರೆಗೆ ಹೋಯಿತು.